ಕೂಡಿ ಕುಳಿತು ಕಥೆ ಕಟ್ಟುವ ಆಟಗಳು

ಶ್ರಾವಣ ಕಳೆದು ಭಾದ್ರಪದವು ಕಾಲಿಡುವ ಸಂಧಿಯಲ್ಲಿ ಗುಜರಾತಿನ ಶ್ವೇತಾಂಬರ ಜೈನರು ಎಂಟು ದಿನಗಳ ಪರ್ಯುಷಣ ಪರ್ವವನ್ನು ಆಚರಿಸುತ್ತಾರೆ. ಉಪವಾಸ, ಸ್ವಾಧ್ಯಾಯ, ಕ್ಷಮಾಯಾಚನೆಗಳ ಆ ದಿನಗಳಲ್ಲಿ ಬಣ್ಣದ ಪಟವೊಂದನ್ನು ನೆಲದ ಮೇಲೆ ಹಾಸಿ ಸುತ್ತಲೂ ಮನೆಮಂದಿ ಕುಳಿತು ಆಡುವ ರೂಢಿಯೊಂದು ಹಿಂದೆ ಇಲ್ಲಿನ ಜೈನ ಕುಟುಂಬಗಳಲ್ಲಿತ್ತು. ಆಟದ ಹೆಸರು ಜ್ಞಾನಬಾಜಿ. ಜ್ಞಾನ ಚೌಪಡವೆಂದೂ ಕರೆಯುವುದುಂಟು. ಜೈನರ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಕೆಳಗಿನ ಸಾಲುಗಳಲ್ಲಿ ನರಕಗಳು, ತುತ್ತತುದಿಯಲ್ಲಿ ಮುಕ್ತಾತ್ಮರ ನೆಲೆ. ನಡುವೆ ಮನುಷ್ಯನನ್ನು ಮೇಲಕ್ಕೆತ್ತುವ ಏಣಿಗಳೂ ಕೆಳಕ್ಕೆ ಜಾರಿಸುವ ಹಾವುಗಳೂ ಇವೆ.

ಕರ್ನಾಟಕದಿಂದ ಬಂದವರಿಗೆ ಈ ಪಟವು ಹೊಸದೆನಿಸುವುದಿಲ್ಲ. ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ನಿದ್ರೆ ಬಾರದಿರಲೆಂದು ನಮ್ಮ ಹಿರಿಯರು ಹಾಸುತ್ತಿದ್ದ ಪರಮಪದ ಸೋಪಾನ ಪಟವು ಇದರ ಒಡಹುಟ್ಟು. ಇಲ್ಲಿ ಸಿದ್ಧರ ನೆಲೆಯಿದ್ದಲ್ಲಿ ಅಲ್ಲಿ ವೈಕುಂಠವಿದೆ ಎಂಬುದಷ್ಟೇ ಭೇದ. ಎರಡರಲ್ಲಿಯೂ ಪ್ರತಿಯೊಂದು ಮನೆಗೂ ಒಂದೊಂದು ಹೆಸರು. ಕಾಯಿ ಒಂದು ಮನೆಯನ್ನು ಮುಟ್ಟಿದಾಗ ಆಡುವವನು ಅದರ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದನು. ಅಹಂಕಾರದ ಮನೆಯಿಂದ ಹಾವು ಕಚ್ಚಿ ಕೆಳಗಿಳಿದರೆ ಪಕ್ಕದಲ್ಲಿ ಕುಳಿತ ಅಜ್ಜಿಯು ಅದೇ ಗತಿಗೆ ಬಂದ ಪುರಾಣಪುರುಷನೊಬ್ಬನ ಕಥೆಯನ್ನು ತೆಗೆಯುತ್ತಿದ್ದಳು. ಕವಡೆಯು ಮುಂದಿನ ಕೈಗೆ ಹೋಗುವುದು ಆ ಕಥೆ ಮುಗಿದ ಬಳಿಕವೇ. ಆಟವು ಇಡೀ ರಾತ್ರಿಗೆ ಸಾಕಾಗುತ್ತಿದ್ದುದು ಈ ಕಥೆಗಳ ದೆಸೆಯಿಂದ.

ಇದೇ ಆಟವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿಗೆ ಹೋಯಿತು. ಮೊದಮೊದಲು ಅಲ್ಲಿಯವರೂ ತಮ್ಮ ನೀತಿಗೆ ಹೊಂದುವ ಗುಣದೋಷಗಳ ಚಿತ್ರಗಳನ್ನು ಅದರಲ್ಲಿ ಬರೆದರು. ಬರಬರುತ್ತ ಹೆಸರುಗಳು ಅಳಿದು ಅಂಕಿಗಳು ಮಾತ್ರ ಉಳಿದವು. ಇಂದು ಅಂಗಡಿಯಲ್ಲಿ ದೊರೆಯುವ ನೂರು ಮನೆಗಳ ಹಾವು-ಏಣಿಯ ಹಲಗೆಯು ಹಾಗೆ ಕಥೆಯನ್ನು ಕಳೆದುಕೊಂಡು ತೌರಿಗೆ ಮರಳಿದ ಆಟ. ಮಕ್ಕಳು ಅದನ್ನು ಹತ್ತು ನಿಮಿಷಗಳಲ್ಲಿ ಆಡಿ ಮುಗಿಸುತ್ತಾರೆ. ಅಜ್ಜಿಗೆ ಅದರಲ್ಲಿ ಮಾಡಲು ಕೆಲಸವಿಲ್ಲ.

ಈ ಕೊನೆಯ ಮಾತನ್ನು ಹೊರನಾಡ ಕನ್ನಡಿಗರು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಬ್ಯಾಂಕು, ರೈಲ್ವೆ, ತೈಲ ಮತ್ತು ಅನಿಲದ ನಿಗಮ, ಬಾಹ್ಯಾಕಾಶ ಸಂಶೋಧನೆ, ಉಡುಪಿ ಹೋಟೆಲು ಎಂದು ನಾನಾ ಉದ್ಯೋಗಗಳ ನಿಮಿತ್ತ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆ ನಿಂತ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರಿದ್ದಾರೆ. ಮಗನು ಕಚೇರಿಗೆ, ಸೊಸೆಯು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಹತ್ತು ಗಂಟೆಗಳ ಕಾಲ ಅವರಿಗೆ ಮಾತಿಲ್ಲ. ಸಂಜೆ ಮೊಮ್ಮಗನು ಮರಳಿದಾಗ ಅವನ ಬಾಯಿಯಲ್ಲಿ ಗುಜರಾತಿಯೋ ಹಿಂದಿಯೋ ಇಂಗ್ಲಿಷೋ ಇರುತ್ತದೆ. ಅಜ್ಜಿಯ ಬಾಯಿಯಲ್ಲಿ ಇರುವುದು ಕನ್ನಡವೊಂದೇ. ಮಾತು 'ಊಟ ಆಯ್ತಾ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದೇ ಮನೆಯಲ್ಲಿದ್ದು ಹಿರಿಯರು ಒಂಟಿಯಾಗುತ್ತಾರೆ. ಮಗುವು ತನ್ನ ಭಾಷೆಯನ್ನು ಕಳೆದುಕೊಳ್ಳುತ್ತದೆ. ಈ ಎರಡು ನಷ್ಟಗಳಿಗೂ ಕೂಡಿ ಕಥೆ ಕಟ್ಟುವ ಆಟಗಳಲ್ಲಿ ಸ್ವಲ್ಪಮಟ್ಟಿನ ಪರಿಹಾರವಿದೆ.

ಎಲೆಗಳ ಮೇಲಿನ ಪುರಾಣ

ಆಟದ ಸಲಕರಣೆಯಲ್ಲಿಯೇ ಕಥೆಯನ್ನು ತುಂಬಿದವರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಮೀರಿಸಿದವರು ವಿರಳ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟವು ಪಾರಸಿಕ ದೇಶದಿಂದ ಬಂದುದು. ಮೊಗಲ ದೊರೆ ಬಾಬರನು 1527ರಲ್ಲಿ ಸಿಂಧ್‌ನಲ್ಲಿದ್ದ ಮಿತ್ರನಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ದಿನಚರಿಯಲ್ಲಿಯೇ ಇದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣಗಳ 96 ಎಲೆಗಳಿದ್ದುವು. ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಅದು ಪುರಾಣವನ್ನು ಹೊದ್ದುಕೊಂಡಿತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಸಾವಂತವಾಡಿಯ ಕಡೆ ಹಗಲಿನಲ್ಲಿ ಆಟವು ರಾಮನ ಎಲೆಯಿಂದಲೂ ರಾತ್ರಿಯಲ್ಲಿ ಕೃಷ್ಣನ ಎಲೆಯಿಂದಲೂ ಆರಂಭವಾಗಬೇಕೆಂಬ ಕಟ್ಟುಪಾಡಿದೆ.

1831ರಲ್ಲಿ ಆಡಳಿತವು ಇಂಗ್ಲಿಷರ ವಶವಾದ ಮೇಲೆ ಮುಮ್ಮಡಿಯವರ ಗಮನವು ಸಾಹಿತ್ಯ, ಚಿತ್ರ, ಕ್ರೀಡೆಗಳತ್ತ ಹೆಚ್ಚಾಗಿ ಹರಿಯಿತು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಆಟಗಳಿಗೇ ಮೀಸಲು. ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ, ದಿಕ್ಪಾಲ ಮುಂತಾದ ಹೆಸರುಗಳ 'ಛದ'ಗಳು, ಎಂದರೆ ಎಲೆಯ ಕಟ್ಟುಗಳು, ಅದರಲ್ಲಿ ವರ್ಣಿತವಾಗಿವೆ. 36 ಎಲೆಗಳ ಚಿಕ್ಕ ಕಟ್ಟಿನಿಂದ ಮೊದಲುಗೊಂಡು 360 ಎಲೆಗಳ ಮಹಾ ಕಟ್ಟಿನವರೆಗೆ ಅವುಗಳ ವಿಸ್ತಾರ. ಇಂಥ ಎಲೆಯನ್ನು ಕೈಯಲ್ಲಿ ಹಿಡಿದವನಿಗೆ ಇದು ಯಾರು, ಇವರ ವಾಹನ ಯಾವುದು, ಆಯುಧವೇನು ಎಂದು ತಿಳಿದಿರಬೇಕಾಗುತ್ತಿತ್ತು. ಮೈಸೂರಿನ ಗಂಜೀಫಾ ಕಲೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕಲಾವಿದ ರಘುಪತಿ ಭಟ್ಟರು ಅದನ್ನು ಮತ್ತೆ ಬೆಳಕಿಗೆ ತಂದರು. ಮೈಸೂರಿನ ರಾಮ್‌ಸನ್ಸ್ ಕಲಾಪ್ರತಿಷ್ಠಾನವು ಪಗಡೆ, ಚೌಕಾಬಾರ, ಅಳಗುಳಿಮಣೆ ಮೊದಲಾದ ಮಣೆಯಾಟಗಳನ್ನು ಮರಳಿ ಜನರ ಕೈಗೆ ತಲಪಿಸಲು ಶ್ರಮಿಸಿದೆ.

ಇವುಗಳಲ್ಲಿ ಚೌಕಾಬಾರವಂತೂ ಅಹಮದಾಬಾದಿಗೆ ಪರಕೀಯವಲ್ಲ. ಐದಕ್ಕೈದು ಮನೆಗಳ ಅದೇ ಚೌಕ, ಅದೇ ಕವಡೆಗಳು. ಇಲ್ಲಿ ಅದನ್ನು ಇಸ್ಟೊ ಎನ್ನುತ್ತಾರೆ. ನಮ್ಮ ಪಗಡೆಯು ಇಲ್ಲಿ ಚೋಪಾಟ್. ಹಳೆಯ ಊರಿನ ಪೋಳ್‌ಗಳಲ್ಲಿ ಮನೆಯ ಮುಂದಿರುವ ಓಟಲೊ ಎಂದರೆ ನಮ್ಮ ಜಗಲಿಯೇ. ಜಗಲಿಯಿದ್ದಲ್ಲಿ ಸೀಮೆಸುಣ್ಣದ ಚೌಕವೂ ಅದರ ಸುತ್ತ ಹರಟೆಯೂ ಇದ್ದೇ ಇರುತ್ತವೆ.

ಪಗಡೆಯ ಕಥೆಯೂ ಎರಡು ನಾಡುಗಳಿಗೆ ಸಮಾನವಾದುದು. ಜೂಜಿನಲ್ಲಿ ರಾಜ್ಯವನ್ನು ಸೋತು ಕಾಡುಪಾಲಾದ ನಳಮಹಾರಾಜನನ್ನು ಕನ್ನಡಕ್ಕೆ ತಂದವರು ಕನಕದಾಸರು. ಅವರ ಕೃತಿ 'ನಳಚರಿತ್ರೆ'. ಗುಜರಾತಿಗೆ ತಂದವನು ಹದಿನೇಳನೆಯ ಶತಮಾನದ ವಡೋದರೆಯ ಕವಿ ಪ್ರೇಮಾನಂದ. ಅವನ ಕೃತಿ 'ನಳಾಖ್ಯಾನ'. ಪ್ರೇಮಾನಂದನು ಮಾಣಭಟ್ಟ. ತಾಮ್ರದ ಕೊಡವನ್ನು ಮುಂದಿಟ್ಟುಕೊಂಡು, ಬೆರಳಿನ ಉಂಗುರಗಳಿಂದ ಅದರ ಮೇಲೆ ತಾಳ ಹಾಕುತ್ತ ಆಖ್ಯಾನ ಹೇಳುವವನಿಗೆ ಇಲ್ಲಿ ಆ ಹೆಸರು. ಮಾಣಭಟ್ಟನ ಮುಂದೆ ನೂರಾರು ಜನ ಕುಳಿತಿರಬಹುದು. ಆದರೆ ಕಥೆ ಹೇಳುವವನು ಅವನೊಬ್ಬನೇ. ಹಲವರು ಸೇರಿ ಒಂದೇ ಕಥೆಯನ್ನು ಆಡಬೇಕಾದರೆ ಅದಕ್ಕೆ ಬೇರೊಂದು ಏರ್ಪಾಡು ಬೇಕು. ಅದನ್ನು ಕನ್ನಡನಾಡಿನ ಕರಾವಳಿ ಮತ್ತು ಮಲೆನಾಡುಗಳು ಸಿದ್ಧಪಡಿಸಿಕೊಂಡಿವೆ.

ಆಟವಲ್ಲ, ಕೂಟ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ. ಬಯಲಿನಲ್ಲಿ ರಂಗಸ್ಥಳ ಕಟ್ಟುವಂತಿಲ್ಲ. ಆಗ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡಗಳ ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನದ ಅಂಗಣಗಳಲ್ಲಿಯೂ ತಾಳಮದ್ದಳೆ ಮೊದಲಾಗುತ್ತದೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆ ಜೊತೆಗೂಡುತ್ತವೆ. ಎರಡೂ ಬದಿಯಲ್ಲಿ ಕುಳಿತ ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಪದ್ಯದ ಅರ್ಥವನ್ನು ಅಲ್ಲಿಯೇ ಆಗಲೇ ಮಾತಾಗಿ ಕಟ್ಟುತ್ತಾರೆ. ಪದ್ಯವು ಬರೆದದ್ದು, ಮಾತು ಬರೆದದ್ದಲ್ಲ. ಎದುರಾಳಿಯು ಯಾವ ಪ್ರಶ್ನೆಯನ್ನು ಎಸೆಯುವನೆಂದು ಅವರಿಗೂ ತಿಳಿದಿರುವುದಿಲ್ಲ.

ಇದನ್ನು ಆಟವೆಂದರೆ ರಸಿಕರು ಒಪ್ಪಲಾರರು. ಕರಾವಳಿಯಲ್ಲಿ ಆಟವೆಂದರೆ ಬಯಲಾಟ. ತಾಳಮದ್ದಳೆಗೆ ಕೂಟವೆಂದು ಹೆಸರು. ಅದು ಶಾಸ್ತ್ರಜ್ಞಾನವನ್ನೂ ವಾಕ್‌ಶಕ್ತಿಯನ್ನೂ ಬೇಡುವ ಕಲೆಯೆಂಬುದು ನಿಜ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯನವರು, ಮಲ್ಪೆಯ ಸಾಮಗ ಸೋದರರು ಅದನ್ನು ಏರಿಸಿದ ಎತ್ತರವನ್ನು ಕೇಳಿದವರು ಮರೆತಿಲ್ಲ. ಆದರೂ ಅದರ ರಚನೆಯನ್ನು ನೋಡಿದರೆ, ಒಳ್ಳೆಯ ಕಥೆಯಾಟಕ್ಕೆ ಬೇಕಾದ ನಿಯಮಗಳೆಲ್ಲ ಅಲ್ಲಿ ಅಡಕವಾಗಿರುವುದು ಕಾಣುತ್ತದೆ. ಮೊದಲನೆಯದಾಗಿ, ಕಥೆಯ ಕೊನೆಯು ನಿಶ್ಚಿತ: ವಾಲಿಯು ಸಾಯಲೇಬೇಕು, ಕೃಷ್ಣನ ಸಂಧಾನವು ಮುರಿಯಲೇಬೇಕು. ಎರಡನೆಯದಾಗಿ, ಅಲ್ಲಿಗೆ ಹೋಗುವ ದಾರಿಯು ಪೂರ್ಣ ಸ್ವತಂತ್ರ. ಮೂರನೆಯದಾಗಿ, ಮಾತು ಎಲ್ಲೆ ಮೀರಿದಾಗ ಮುಂದಿನ ಪದ್ಯವನ್ನು ಎತ್ತಿ ಕಥೆಯನ್ನು ದಾರಿಗೆ ತರುವ ಅಧಿಕಾರ ಭಾಗವತರದು. ನಾಲ್ಕನೆಯದಾಗಿ, ಎದುರಾಳಿಗೆ ಮಾತನಾಡಲು ಎಡೆ ಕೊಡದವನು ಎಷ್ಟು ದೊಡ್ಡ ಪಂಡಿತನಾದರೂ ಒಳ್ಳೆಯ ಅರ್ಥಧಾರಿ ಎನಿಸುವುದಿಲ್ಲ.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಬರುವ ವಾಲಿಯ ಸಂದರ್ಭವನ್ನು ತೆಗೆದುಕೊಳ್ಳಬಹುದು. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ಬಿದ್ದ ವಾಲಿಯು ಕೇಳುತ್ತಾನೆ. ರಾಮನು ಉತ್ತರಿಸಬೇಕು. ಈ ಒಂದು ಪ್ರಶ್ನೆಯ ಮೇಲೆ ಗಂಟೆಗಟ್ಟಲೆ ಸಂವಾದ ನಡೆದದ್ದುಂಟು. ಒಂದೂರಿನಲ್ಲಿ ವಾಲಿಯ ವಾದವು ಮೇಲಾಗಬಹುದು, ಮತ್ತೊಂದೂರಿನಲ್ಲಿ ರಾಮನದು. ವಾಲಿಯ ಸಾವು ಮಾತ್ರ ಎರಡು ಕಡೆಯೂ ಒಂದೇ. ಕೊನೆ ತಿಳಿದ ಕಥೆಯನ್ನು ಕೇಳಲು ಜನ ಸುರಿಯುವ ಮಳೆಯಲ್ಲಿ ನಡೆದು ಬರುತ್ತಿದ್ದುದಕ್ಕೆ ಇದು ಕಾರಣ.

ಹೊರ ಜಗತ್ತಿನಲ್ಲಿ

ಕೂಡಿ ಕಥೆ ಹೇಳುವ ಹಂಬಲವು ಎಲ್ಲ ದೇಶಗಳಲ್ಲಿಯೂ ಇದೆ. ಜಪಾನಿನಲ್ಲಿ ಎಡೋ ಕಾಲದಲ್ಲಿ ನೂರು ಬತ್ತಿಗಳನ್ನು ಹಚ್ಚಿಟ್ಟು, ಒಂದೊಂದು ದೆವ್ವದ ಕಥೆಗೆ ಒಂದೊಂದನ್ನು ಆರಿಸುತ್ತ ಹೋಗುವ ಕೂಟಗಳು ನಡೆಯುತ್ತಿದ್ದುವು. 1815ರಲ್ಲಿ ಇಂಡೋನೇಷ್ಯದ ತಂಬೋರಾ ಅಗ್ನಿಪರ್ವತವು ಸಿಡಿದ ಪರಿಣಾಮವಾಗಿ ಮರುವರ್ಷ ಯುರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಆಗ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಯಿಂದ ಸಿಕ್ಕಿಬಿದ್ದ ಕವಿ ಬೈರನ್ನನು, ಎಲ್ಲರೂ ಒಂದೊಂದು ಭೂತದ ಕಥೆಯನ್ನು ರಚಿಸೋಣವೆಂದು ಅತಿಥಿಗಳಿಗೆ ಸೂಚಿಸಿದನು. ಹದಿನೆಂಟರ ಹರೆಯದ ಮೇರಿ ಅಲ್ಲಿ ಆರಂಭಿಸಿದ ಕಥೆಯು 1818ರಲ್ಲಿ 'ಫ್ರಾಂಕನ್‌ಸ್ಟೈನ್' ಕಾದಂಬರಿಯಾಗಿ ಪ್ರಕಟವಾಯಿತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಒಬ್ಬನು ಕಥೆಯ ಸೂತ್ರವನ್ನು ಹಿಡಿಯುತ್ತಾನೆ. ಸಂದೇಹ ಬಂದಲ್ಲಿ ದಾಳವನ್ನು ಉರುಳಿಸಿ ತೀರ್ಮಾನಿಸುತ್ತಾರೆ. ಇಂದು ಜಗತ್ತಿನಾದ್ಯಂತ ತರುಣರು ಇಂಥ ಆಟಗಳನ್ನು ಆಡುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಹೊಸ ಸಂಗತಿಯೆಂದು ಮನೆಯಲ್ಲಿ ವಿವರಿಸಿದರೆ, ಕರಾವಳಿಯ ಅಜ್ಜನು 'ಹಾಗಾದರೆ ಭಾಗವತರು ಯಾರು?' ಎಂದು ಕೇಳಿಯಾನು. ಆ ಪ್ರಶ್ನೆಯು ತಪ್ಪೇನೂ ಅಲ್ಲ.

ಆರೋಗ್ಯಕ್ಕೂ ಆಟಕ್ಕೂ ಇರುವ ನಂಟು

ನ್ಯೂಯಾರ್ಕಿನಲ್ಲಿ 75 ವರ್ಷ ಮೀರಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ ಅಧ್ಯಯನವೊಂದು 2003ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಓದುವುದು, ಮಣೆಯಾಟಗಳನ್ನು ಆಡುವುದು, ವಾದ್ಯ ನುಡಿಸುವುದು, ನರ್ತಿಸುವುದು ಈ ಅಭ್ಯಾಸಗಳಿದ್ದವರಲ್ಲಿ ಮರೆಗುಳಿ ರೋಗವು ಕಡಮೆಯಾಗಿ ಕಂಡುಬಂದಿತು. ಆದರೆ ಆಟದಿಂದಲೇ ರೋಗವು ತಪ್ಪಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಮರೆವು ಒಳಗೊಳಗೇ ಆರಂಭವಾಗಿದ್ದವರು ಆಟದಿಂದ ಮೊದಲೇ ದೂರ ಸರಿದಿದ್ದಿರಬಹುದು. ಆದುದರಿಂದ ಆಟವನ್ನು ಔಷಧಿಯೆಂದು ಭಾವಿಸಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಕವಡೆ ಹಿಡಿಯಲೂ ಬಾರದು.

ಒಂಟಿತನದ ವಿಚಾರದಲ್ಲಿ ಮಾತ್ರ ಸಂಶಯಕ್ಕೆ ಎಡೆ ಕಡಮೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಇದನ್ನು ಗಂಭೀರವಾದ ಆರೋಗ್ಯ ಸಮಸ್ಯೆಯೆಂದು ಪರಿಗಣಿಸಿ, ಜನರ ನಡುವಣ ಸಂಪರ್ಕವನ್ನು ಕುರಿತು ಒಂದು ಆಯೋಗವನ್ನೇ ನೇಮಿಸಿತು. ಕಥೆಯಾಟದಲ್ಲಿ ಹಿರಿಯರು ಬರಿಯ ಪ್ರೇಕ್ಷಕರಲ್ಲ. ಕಥೆಯು ಅವರಿಗೇ ಹೆಚ್ಚು ತಿಳಿದಿರುವುದರಿಂದ ಇತರರು ಅವರ ಕಡೆಗೆ ತಿರುಗಿ ಕೇಳಲೇಬೇಕಾಗುತ್ತದೆ. ತನ್ನ ಮಾತು ಮನೆಯವರಿಗೆ ಬೇಕಾಗಿದೆ ಎಂಬ ಭಾವನೆಯು ವೃದ್ಧಾಪ್ಯದಲ್ಲಿ ಸುಲಭವಾಗಿ ದೊರೆಯತಕ್ಕುದಲ್ಲ.

ಇನ್ನೊಂದು ಪ್ರಯೋಜನವನ್ನೂ ಇಲ್ಲಿ ಹೇಳಬೇಕು. ವಾರಕ್ಕೊಮ್ಮೆ ಕೂಡಿ ಆಡುವ ಮನೆಯಲ್ಲಿ ಹಿರಿಯರ ಆರೋಗ್ಯದ ವ್ಯತ್ಯಾಸಗಳು ಬೇಗನೆ ಗಮನಕ್ಕೆ ಬರುತ್ತವೆ. ಕಳೆದ ತಿಂಗಳವರೆಗೆ ಚುರುಕಾಗಿ ಉತ್ತರಿಸುತ್ತಿದ್ದ ಅಜ್ಜನು ಈಗ ಎದುರಿನವರ ಮಾತನ್ನು ಎರಡೆರಡು ಸಲ ಕೇಳುತ್ತಿದ್ದರೆ ಅದು ಕಿವಿಯ ದೋಷವಿರಬಹುದು. ಕಿವಿ ಮಂದವಾದವರು ನಾಚಿಕೆಯಿಂದ ಮಾತು ನಿಲ್ಲಿಸುತ್ತಾರೆ. ಮನೆಯವರು ಅದನ್ನು ಮುನಿಸೆಂದು ತಿಳಿಯುತ್ತಾರೆ. ಚಿರಪರಿಚಿತವಾದ ಹೆಸರುಗಳು ಮೇಲಿಂದ ಮೇಲೆ ಮರೆತುಹೋಗುವುದು, ನಡೆಯುತ್ತಿರುವ ಕಥೆಯ ಎಳೆ ಪದೇ ಪದೇ ತಪ್ಪುವುದು ಕಂಡುಬಂದರೆ ವಯಸ್ಸಾಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸುವುದು ಲೇಸು. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈಯ ಬಲ ಕುಂದಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು. ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯಲ್ಲಿ ಆಡುವ ಬಗೆ

ಇದಕ್ಕೆ ಖರ್ಚೇನೂ ಇಲ್ಲ. ನಾಲ್ಕರಿಂದ ಆರು ಜನರಿದ್ದರೆ ಸಾಕು. ಹಿರಿಯರೊಬ್ಬರು ಭಾಗವತರಾಗಲಿ. ಹಾಡಲು ಬಾರದಿದ್ದರೂ ಚಿಂತೆಯಿಲ್ಲ. ಕಥೆಯ ಸಂದರ್ಭವನ್ನು ಎರಡು ಮಾತಿನಲ್ಲಿ ಹೇಳಿ ಪಾತ್ರಗಳನ್ನು ಹಂಚಿದರಾಯಿತು. ಮೊದಲಿಗೆ ಎಲ್ಲರಿಗೂ ತಿಳಿದ ಚಿಕ್ಕ ಕಥೆಯೇ ಯೋಗ್ಯ. ಪುಣ್ಯಕೋಟಿಯ ಕಥೆಯಲ್ಲಿ ಹಸು, ಕರು, ಹುಲಿ, ಕೊಟ್ಟಿಗೆಯ ಇತರ ಹಸುಗಳು ಎಂದು ಎಲ್ಲರಿಗೂ ಪಾತ್ರವುಂಟು. ಹೋಗಬೇಡವೆಂದು ಕರುವು ಏನೇನು ವಾದಿಸಬಹುದು, ಬಿಟ್ಟರೆ ಮರಳಿ ಬರುವೆಯೆಂದು ನಂಬುವುದು ಹೇಗೆಂದು ಹುಲಿಯು ಹೇಗೆ ಕೇಳಬಹುದು, ಎಂಬುದನ್ನು ಆಡುವವರ ಬುದ್ಧಿಗೆ ಬಿಡಬೇಕು. ಕೊನೆಯನ್ನು ಮಾತ್ರ ಯಾರೂ ಬದಲಿಸಬಾರದು. ದೊಡ್ಡ ಮಕ್ಕಳಿಗೆ ವಾಲಿಯ ಪ್ರಶ್ನೆಯನ್ನೂ ನಳನ ಜೂಜನ್ನೂ ಕೊಡಬಹುದು. ನಳನ ಕಥೆಗೆ ನೆರೆಮನೆಯ ಗುಜರಾತಿ ಮಿತ್ರರನ್ನೂ ಕರೆದರೆ ಅವರಿಂದ ಪ್ರೇಮಾನಂದನ ನಳನ ಪರಿಚಯವೂ ಆದೀತು.

ಭಾಷೆಗೆ ಒಂದೇ ನಿಯಮ ಸಾಕು. ಆಡುವಾಗ ಮಗುವಿಗೆ ಕನ್ನಡದ ಮಾತು ತೋಚದಿದ್ದರೆ ಗುಜರಾತಿಯಲ್ಲಿಯೇ ಹೇಳಲಿ. ಹಿರಿಯರು ಅದರ ಕನ್ನಡವನ್ನು ಹೇಳಿಕೊಡಲಿ. ಮಗುವು ಅದನ್ನು ಸೇರಿಸಿಕೊಂಡು ಮುಂದುವರಿಯಲಿ. ನಗಬಾರದು, ಗದರಿಸಬಾರದು. ಹುಲಿಯ ಪಾತ್ರ ವಹಿಸಿದ ಮಗುವಿಗೆ ಹಸುವಿನೊಡನೆ ವಾದಿಸುವ ಅವಸರವಿರುತ್ತದೆ. ಆ ಅವಸರದಲ್ಲಿ ಕಲಿತ ಮಾತು ಪಾಠದ ಮಾತಿಗಿಂತ ಹೆಚ್ಚು ದಿನ ಉಳಿಯುತ್ತದೆ. ಹಿರಿಯರೂ ಈ ನೆವದಲ್ಲಿ ನಾಲ್ಕು ಗುಜರಾತಿ ಮಾತುಗಳನ್ನು ಕಲಿತರೆ ಅವರಿಗೆ ನೆರೆಹೊರೆಯ ಬಾಗಿಲು ತೆರೆಯುತ್ತದೆ.

ಹಾವು-ಏಣಿಯ ಹಲಗೆಯಿದ್ದ ಮನೆಯವರು ಅದಕ್ಕೇ ಮರುಜೀವ ಕೊಡಬಹುದು. ಹಾವುಗಳ ತಲೆಯ ಮೇಲೆ ಸಿಟ್ಟು, ಸುಳ್ಳು, ಹೊಟ್ಟೆಕಿಚ್ಚು ಎಂದೂ ಏಣಿಗಳ ಬುಡದಲ್ಲಿ ದಯೆ, ತಾಳ್ಮೆ, ಸತ್ಯ ಎಂದೂ ಚೀಟಿ ಅಂಟಿಸಿ, ಆ ಮನೆಗೆ ಬಂದವರು ಒಂದು ಕಥೆಯನ್ನು ಹೇಳಿದ ಮೇಲೆಯೇ ಕಾಯಿ ನಡೆಸಬೇಕೆಂದು ಕಟ್ಟಳೆ ಮಾಡಿದರೆ ಸಾಕು.

ಕೆಲವು ಎಚ್ಚರಿಕೆಗಳೂ ಅಗತ್ಯ. ಮೊಣಕಾಲು ನೋವಿದ್ದವರು ನೆಲದ ಮೇಲೆ ಕುಳಿತುಕೊಳ್ಳಬಾರದು. ಪಟವನ್ನು ಮೇಜಿನ ಮೇಲೆ ಹಾಸಬಹುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಬೆಳಕು ಚೆನ್ನಾಗಿರಬೇಕು. ಸಿಹಿಮೂತ್ರ ರೋಗವಿದ್ದವರು ಆಟದ ಗುಂಗಿನಲ್ಲಿ ಊಟದ ಹೊತ್ತನ್ನು ಮೀರಬಾರದು. ಹಣವನ್ನು ಪಣವಾಗಿಡುವುದು ಸರ್ವಥಾ ಬೇಡ. ನಳನ ಕಥೆಯನ್ನು ಆಡುವ ಮನೆಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಹಮದಾಬಾದಿನ ಮಳೆಗಾಲವು ಕರಾವಳಿಯ ಮಳೆಗಾಲದಷ್ಟು ದೀರ್ಘವಲ್ಲ. ಆದರೂ ಆಷಾಢ, ಶ್ರಾವಣಗಳಲ್ಲಿ ಹೊರಗೆ ಹೋಗಲಾಗದ ಕೆಲವು ಸಂಜೆಗಳಾದರೂ ದೊರೆಯುತ್ತವೆ. ಅಂಥದೊಂದು ಭಾನುವಾರ ದೂರದರ್ಶನವನ್ನೂ ಕೈಯಲ್ಲಿನ ದೂರವಾಣಿಯನ್ನೂ ಬದಿಗಿಟ್ಟು, ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ನಡುವೆ ಕೂರಿಸಿ, ಮೊದಲ ಪಾತ್ರವನ್ನು ಅವರಿಗೇ ಕೊಡಬೇಕು. ಮೊದಲ ದಿನ ಮಾತು ತಡವರಿಸಬಹುದು. ಮೂರನೆಯ ಭಾನುವಾರದ ಹೊತ್ತಿಗೆ 'ಇವತ್ತು ಹುಲಿ ಯಾರು?' ಎಂದು ಮಗುವೇ ಕನ್ನಡದಲ್ಲಿ ಕೇಳಿದರೆ ಆ ಮನೆಯ ಕೂಟವು ಕುದುರಿತೆಂದು ತಿಳಿಯಬಹುದು.